ಕಟ್ಟೆಯ ಆ ಬದಿ

ನಮ್ಮ ಸೈಕಲ್ಲಿನ ಹಿಂದಿನ ಚಕ್ರ ನಾನೂರ ನಲವತ್ತೇಳು ಸಲ ಸುತ್ತಿದರೆ ಒಂದು ಕಿಲೋಮೀಟರ್. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಮಾಲೂರಿನ ಹೊರಗೆ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಮೂರು ಸಲ ಹೋಗಿ, ಮೂರು ಸಲ ಬಂದು, ನಮ್ಮವರು ಪೆಡಲ್ ತುಳಿದು, ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತು ಎಣಿಸಿ, ಆಮೇಲೆ ಇಬ್ಬರೂ ಒಪ್ಪಿಕೊಂಡ ಲೆಕ್ಕ ಅದು. ಅವರು ಹೋಗಿ ಎಷ್ಟೋ ವರ್ಷಗಳಾದವು. ಈಗಲೂ ಬೀದಿಯಲ್ಲಿ ಸೈಕಲ್ ಹೋದರೆ ನನ್ನ ಬಾಯಿ ತಾನಾಗಿ ಎಣಿಸಲು ಶುರು ಮಾಡುತ್ತದೆ.

ಚಕ್ರದ ಒಂದು ಕಡ್ಡಿಗೆ ಹಳೆಯ ಚಪ್ಪಲಿಯ ತೊಗಲಿನ ತುಂಡು ಕಟ್ಟಿದ್ದರು. ಮಡ್‌ಗಾರ್ಡಿನ ಕಂಬಿಗೆ ಒಂದು ದಪ್ಪ ಕಾರ್ಡು. ಚಕ್ರ ಒಂದು ಸುತ್ತು ಬಂದಾಗ ತೊಗಲು ಕಾರ್ಡಿಗೆ ಬಡಿದು ಟಕ್ ಎನ್ನುತ್ತಿತ್ತು. ನೂರು ಟಕ್ ಆದರೆ ನಾನು ಚೀಲದಿಂದ ಒಂದು ಹುಣಸೆ ಬೀಜ ತೆಗೆದು ಮಡಿಲಿಗೆ ಹಾಕಿಕೊಳ್ಳಬೇಕು. ದಾರಿ ಎಲ್ಲಿ ಕವಲಾಗುತ್ತದೋ ಅಲ್ಲಿ ಸೈಕಲ್ ನಿಲ್ಲುತ್ತಿತ್ತು. ಬೀಜ ಎಣಿಸಿ, ಮಿಕ್ಕ ಟಕ್ ಸೇರಿಸಿ, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ಎಲ್ಲಿಂದ, ಎಲ್ಲಿಗೆ, ಎಷ್ಟು. ಕೊನೆಯಲ್ಲಿ ಒಂದು ಬಾಣದ ಗುರುತು. ಅವರು ಅಷ್ಟರಲ್ಲಿ ಒಂದು ಕಾಲು ನೆಲಕ್ಕೂರಿ ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ನಾನು ಬರೆದದ್ದನ್ನು ಅವರು ತಿರುಗಿ ನೋಡುತ್ತಿರಲಿಲ್ಲ. ನಂಬಿದ್ದರು.

ಇದು ಎಂಬತ್ತರ ದಶಕದ ಮಾತು. ನಮ್ಮವರು ಮಾಲೂರಿನಲ್ಲಿ ಜೂನಿಯರ್ ಕಾಲೇಜಿನ ಗಣಿತದ ಮೇಷ್ಟ್ರು. ನಾನು ಶ್ರೀನಿವಾಸಪುರದ ಕಡೆಯ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಮದುವೆಯಾಗುವವರೆಗೆ ತೌರಿನಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಕೊಯ್ದುಕೊಂಡಿದ್ದವಳು. ನಮಗೆ ಮಕ್ಕಳಾಗಲಿಲ್ಲ. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಅವರು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡಾಕ್ಟರೇಟಿಗೆ ಹೆಸರು ನೋಂದಾಯಿಸಿದರು. ಅಲ್ಲಿ ಒಂದು ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರ್ ಇತ್ತಂತೆ. ಶನಿವಾರ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಹೋಗುವಾಗ ಬಟ್ಟೆಯ ಚೀಲದಲ್ಲಿ ತೂತು ಹೊಡೆದ ಕಾರ್ಡುಗಳ ಕಟ್ಟು, ಬರುವಾಗ ಅದೇ ಕಟ್ಟಿನ ಜೊತೆ ಅಂಚಿನಲ್ಲಿ ತೂತುಗಳಿದ್ದ ಅಗಲವಾದ ಕಾಗದ. ಸೈಕಲ್ಲಿಗೆ ಕಟ್ಟಿದ ಕಾರ್ಡೂ ಅಂಥದ್ದೇ, ಕೆಟ್ಟುಹೋದದ್ದು.

ಏನು ಮಾಡುತ್ತಿದ್ದಾರೆ ಎಂದು ನಾನು ಬಹಳ ದಿನ ಕೇಳಿರಲಿಲ್ಲ. ಒಂದು ಭಾನುವಾರ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವರೇ ಬಂದು ಪಕ್ಕದಲ್ಲಿ ಕೂತರು. ಒಂದು ಹಿಡಿ ಕಾಳು ತೆಗೆದು ಮೊರದ ಮೇಲೆ ಚೆಲ್ಲಿದರು.

"ಇದೊಂದು ಊರು ಅಂದ್ಕೋ. ಒಂದೊಂದು ಕಾಳೂ ಒಂದೊಂದು ಅಂಗಡಿ. ಇಲ್ಲಿಂದ ಒಂದು ವ್ಯಾನು ಹೊರಟು, ಎಲ್ಲಾ ಅಂಗಡಿಗೂ ಹಾಲು ಹಾಕಿ ವಾಪಸ್ಸು ಇಲ್ಲಿಗೇ ಬರ್ಬೇಕು. ಯಾವ ದಾರೀಲಿ ಹೋದ್ರೆ ದೂರ ಕಮ್ಮಿ?"

"ಡ್ರೈವರ್‌ನ ಕೇಳಿ, ಹೇಳ್ತಾನೆ" ಎಂದೆ.

"ಹತ್ತು ಅಂಗಡಿ ಆದ್ರೆ ಡ್ರೈವರ್ ಹೇಳ್ತಾನೆ. ಇನ್ನೂರು ಅಂಗಡಿ, ಎಂಟು ವ್ಯಾನು ಆದ್ರೆ ಕಂಪ್ಯೂಟರೇ ತಿಣುಕುತ್ತೆ. ಅದಕ್ಕೆ ಎಲ್ಲಾ ದೇಶದಲ್ಲೂ ಉಪಾಯ ಹುಡುಕ್ತಾ ಇದಾರೆ. ಹುಡುಕಿದ ಉಪಾಯ ಸರಿ ಇದೆಯಾ ಅಂತ ನೋಡೋಕೆ ಲೆಕ್ಕಗಳು ಬೇಕಲ್ಲ? ಆ ಲೆಕ್ಕಾನ ಹಿಂಗೇ ಮಾಡ್ಕೋತಾರೆ. ಕಾಳು ಚೆಲ್ಲೋದು, ಕಾಳಿಂದ ಕಾಳಿಗೆ ನೇರ ಗೆರೆ ಎಳೆಯೋದು, ಇಷ್ಟು ದೂರ ಅನ್ನೋದು."

"ಮಧ್ಯ ಕೆರೆ ಬಂದ್ರೆ?"

ಅವರು ನನ್ನ ಮುಖವನ್ನೇ ನೋಡಿದರು. "ಅದೇ ಕಣೇ! ಕೆರೆ ಬಂದ್ರೆ? ರೈಲ್ವೆ ಗೇಟ್ ಬಂದ್ರೆ? ಗಲ್ಲಿ ಹೋಗಿ ಗೋಡೆಗೆ ಮುಟ್ಟಿದ್ರೆ? ಅವರ ಊರಲ್ಲಿ ಇದ್ಯಾವುದೂ ಇಲ್ಲ. ಬರೀ ಕಾಳು. ನಾನು ಕಂಪ್ಯೂಟರ್ ಕೈಲಿ ಊರು ಮಾಡಿಸ್ತೀನಿ. ಎಲ್ಲೂ ಇಲ್ಲದ ಊರು, ಆದ್ರೆ ಇರೋ ಊರಿನ ಥರಾನೇ ಇರ್ಬೇಕು. ಕೇಳಿದಷ್ಟು ಊರು, ನೂರು ಬೇಕಾದ್ರೆ ನೂರು. ಉಪಾಯ ಹುಡುಕೋರು ಆ ಊರುಗಳಲ್ಲಿ ಗಾಡಿ ಓಡಿಸಿ ನೋಡ್ಲಿ."

"ಅಂದ್ರೆ ನೀವು ದಾರಿ ಹುಡುಕೋರಲ್ಲ."

"ಅಲ್ಲ. ಪರೀಕ್ಷೆ ಬರೆಯೋರು ಬೇರೆಯವರು. ನಾನು ಪ್ರಶ್ನೆಪತ್ರಿಕೆ ತೆಗೆಯೋನು. ಮೇಷ್ಟ್ರ ಕೆಲಸಾನೇ."

ಇಲ್ಲದ ಊರು ಇರುವ ಊರಿನ ಹಾಗೆ ಕಾಣಬೇಕಾದರೆ ಮೊದಲು ಇರುವ ಊರಿನ ದಾರಿಗಳ ಗುಣ ಗೊತ್ತಾಗಬೇಕು. ಎಷ್ಟು ದೂರಕ್ಕೊಂದು ಕವಲು, ಎಷ್ಟು ಗಲ್ಲಿ ಮುಂದೆ ದಾರಿಯಿಲ್ಲದೆ ನಿಲ್ಲುತ್ತವೆ, ನೇರ ಗೆರೆಗಿಂತ ದಾರಿ ಎಷ್ಟು ಉದ್ದ. ಅದನ್ನೆಲ್ಲ ಕೊಡುವ ನಕ್ಷೆ ನಮಗೆ ಎಲ್ಲೂ ಸಿಗಲಿಲ್ಲ. ಸಿಕ್ಕ ನಕ್ಷೆಯಲ್ಲಿ ದೊಡ್ಡ ರಸ್ತೆ ಇತ್ತು, ಗಲ್ಲಿ ಇರಲಿಲ್ಲ. ಹಾಗಾಗಿ ಸೈಕಲ್ಲು, ಹುಣಸೆ ಬೀಜ ಮತ್ತು ನಾನು.

ಮೊದಲು ಮಾಲೂರನ್ನು ಅಳೆದೆವು, ಇಟ್ಟಿಗೆ ಗೂಡುಗಳವರೆಗೆ. ಆಮೇಲೆ ಕೋಲಾರ. ಬೇಸಿಗೆ ರಜೆಯಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಶ್ರೀನಿವಾಸಪುರಕ್ಕೆ ಹೋಗಿ, ನನ್ನ ತೌರಿನಲ್ಲಿದ್ದುಕೊಂಡು ಅಳೆದೆವು. ಮಾವಿನಕಾಯಿಯ ಲಾರಿಗಳು ನಿಲ್ಲುವ ಕಾಲ. ಸಂದಿಯಲ್ಲಿ ಸೈಕಲ್ ತೂರಿಸಿ, ಎಣಿಕೆ ತಪ್ಪಿ, ಮತ್ತೆ ಮೊದಲಿಂದ. ನನ್ನಮ್ಮ ಮಾತ್ರ ಒಪ್ಪಲಿಲ್ಲ. "ಅಳಿಯಂದ್ರು ಓದಿರೋರು ಸರಿ, ನಿಂಗೇನು ಬಂತೇ ರೋಗ, ಗಂಡನ ಹಿಂದೆ ಕೂತ್ಕೊಂಡು ಬೀದಿ ಬೀದೀಲಿ ಬೀಜ ಎಣಿಸೋಕೆ? ನೋಡಿದೋರು ಏನಂತಾರೆ?" ಎಂದಳು. ಅವರು ಒಳಗಿಂದಲೇ, "ಸಂಬಳ ಇಲ್ಲದ ಗುಮಾಸ್ತೆ ಅಂತಾರೆ ಅತ್ತೆ" ಎಂದರು. ಅಮ್ಮ ನಗು ತಡೆದುಕೊಂಡು ಮುದ್ದೆ ತೊಳಸಲು ಹೋದಳು.

ಮುಳಬಾಗಿಲಿನಲ್ಲಿ ಒಂದು ಟೀ ಅಂಗಡಿಯವನು ನಮ್ಮನ್ನು ಮೂರು ದಿನದಿಂದ ನೋಡುತ್ತಿದ್ದವನು, ನಾಲ್ಕನೆಯ ದಿನ ಸೈಕಲ್ಲಿಗೆ ಅಡ್ಡ ನಿಂತ.

"ಯಾವ ಡಿಪಾರ್ಟ್‌ಮೆಂಟು ಸಾರ್? ರೋಡ್ ಅಗಲ ಮಾಡ್ತೀರಾ? ನನ್ನ ಅಂಗಡಿ ಹೋಗುತ್ತಾ?"

"ಯಾವ ಡಿಪಾರ್ಟ್‌ಮೆಂಟೂ ಅಲ್ಲಪ್ಪ. ನಾನು ಮೇಷ್ಟ್ರು. ನಿಮ್ಮೂರನ್ನ ನೋಡಿ ಇದೇ ಥರ ಬೇರೆ ಊರು ಮಾಡ್ತೀನಿ, ಕಾಗದದ ಮೇಲೆ."

"ಇರೋ ಊರಿಗೇ ನೀರಿಲ್ಲ, ಇನ್ನೊಂದು ಮಾಡ್ತಾರಂತೆ!" ಎಂದವನೇ, ಬೆಂಚಿನ ಮೇಲಿದ್ದವರಿಗೆ, ಈ ಯಪ್ಪ ಹೊಸ ಊರು ಕಟ್ತಾನಂತೆ ಕಣ್ರೋ ಎಂದು ತೆಲುಗಿನಲ್ಲಿ ಕೂಗಿ ಹೇಳಿದ. ಎಲ್ಲರೂ ನಕ್ಕರು. ಅಂಗಡಿ ಉಳಿಯಿತೆಂಬ ಧೈರ್ಯಕ್ಕೆ ಅವನೂ ನಕ್ಕ. "ಹಂಗಾದ್ರೆ ಹೊಸ ಊರಲ್ಲೂ ನಂಗೊಂದು ಅಂಗಡಿ ಬರ್ಕೊಳಿ ಸಾರ್. ಮೂಲೇಲಿ ಕೊಡಿ, ಮೂಲೇಲಿ ವ್ಯಾಪಾರ ಜಾಸ್ತಿ."

"ಬರ್ಕೋತೀನಿ" ಎಂದರು ನಮ್ಮವರು. ನಿಜವಾಗಿಯೂ ಬರೆದುಕೊಂಡರು.

ಬಾಣದ ವಿಷಯ ಹೇಳಬೇಕು. ಮೊದಲ ದಿನವೇ ಅವರು ನನಗೆ ಹೇಳಿಕೊಟ್ಟಿದ್ದರು. ಒಂದು ದಾರಿಯಲ್ಲಿ ಗಾಡಿ ಹೋಗಲೂಬಹುದು ಬರಲೂಬಹುದು ಎಂದಾದರೆ ಎರಡು ಕಡೆಗೂ ಮೂತಿಯಿರುವ ಬಾಣ. ಒಂದೇ ಕಡೆಗೆ ಹೋಗಬೇಕು, ತಿರುಗಿ ಬರುವಂತಿಲ್ಲ ಎಂದಾದರೆ ಒಂದು ಮೂತಿಯ ಬಾಣ. ಕೋಲಾರದ ಪೇಟೆಯಲ್ಲಿ ಮಾತ್ರ ಅಂಥ ಒಂದೆರಡು ಬೀದಿ ಇರಬಹುದು ಎಂದಿದ್ದರು.

ನಮ್ಮ ಕಡೆ ಊರಿನ ನಡುವೆ, ಬೀದಿಗಳು ಕೂಡುವ ಕಡೆ, ಅರಳಿಕಟ್ಟೆ ಇರುತ್ತದೆ. ಅರಳಿ ಮರ, ಬೇವಿನ ಮರ, ಬುಡದಲ್ಲಿ ನಾಗರಕಲ್ಲು, ಸುತ್ತ ಕಲ್ಲು ಕಟ್ಟಿದ ಜಗಲಿ. ಯಾರೇ ಹೋದರೂ ಕಟ್ಟೆಯನ್ನು ಬಲಕ್ಕೆ ಬಿಟ್ಟುಕೊಂಡು ಹೋಗುತ್ತಾರೆ, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ. ನಡೆಯುವವರು, ಎತ್ತಿನ ಗಾಡಿಯವರು, ಸೈಕಲ್ಲಿನವರು ಎಲ್ಲರೂ. ಎತ್ತುಗಳೂ ತಾವಾಗಿಯೇ ಹಾಗೆ ತಿರುಗುತ್ತವೆ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾವೂ ಹಾಗೇ ಹೋದೆವು, ಟಕ್ ಟಕ್ ಎಂದು ಎಣಿಸುತ್ತ. ಕಟ್ಟೆ ದಾಟಿದ ಮೇಲೆ ನಾನು ಆ ತುಂಡಿಗೆ ಒಂದು ಮೂತಿಯ ಬಾಣ ಹಾಕಿದೆ. ಆ ಬದಿಯಲ್ಲಿ ಎದುರಾಗಿ ಯಾರೂ ಬರುವುದಿಲ್ಲವಲ್ಲ. ಸರಿಯಾಗಿಯೇ ಬರೆದೆ. ಮುಂದಿನ ದಾರಿ ಅಳೆಯಲು ಹೊರಟೆವು. ಸಂಜೆ ಬರುವಾಗ ಎಣಿಸುತ್ತಿರಲಿಲ್ಲ, ಇಬ್ಬರಿಗೂ ಸುಸ್ತು.

ನಾಲ್ಕು ಊರು ಮುಗಿಯಲು ಎರಡು ವರ್ಷ ಹಿಡಿಯಿತು.

ಅವರಿಗೆ ಚಿಕ್ಕವಯಸ್ಸಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಕವಾಟ ಕೆಟ್ಟಿತ್ತು. ಮದುವೆಗೆ ಮುಂಚೆ ಅವರ ಅಣ್ಣ ಬಂದು ನಮ್ಮಪ್ಪನಿಗೆ ಹೇಳಿದ್ದರು, ಮುಚ್ಚಿಡಲಿಲ್ಲ. ಮೊದಮೊದಲು ಏನೂ ಕಾಣುತ್ತಿರಲಿಲ್ಲ. ಮುಳಬಾಗಿಲು ಮುಗಿಸಿ ಬಂದ ವರ್ಷ ಪಾದ ಊದಿಕೊಳ್ಳಲು ಶುರುವಾಯಿತು. ಕೋಲಾರದಲ್ಲಿ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಸೈಕಲ್ ಬೇಡ, ಮೆಟ್ಟಿಲು ಬೇಡ, ಉಪ್ಪು ಬೇಡ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಅವರು ನನ್ನ ಮೊಣಕೈ ಮುಟ್ಟಿ, "ಒಂದು ವರ್ಷ ಸಿಕ್ಕಿದ್ರೆ ಸಾಕು ಕಣೇ. ಅಳೆಯೋದು ಮುಗಿದಿದೆ. ಇದನ್ನ ಮುಗಿಸಿ ಕೊಟ್ಟುಬಿಡ್ತೀನಿ" ಎಂದರು. ನಾನು ಕೇಳಿಕೊಂಡ ದೇವರುಗಳ ಹತ್ತಿರವೆಲ್ಲ ಅಷ್ಟೇ ಕೇಳಿದೆ. ಒಂದು ವರ್ಷ.

ಕಂಪ್ಯೂಟರಿನಿಂದ ಮೊದಲ ಊರು ಬಂದದ್ದು ಆಮೇಲೆ ಎರಡು ತಿಂಗಳಿಗೆ. ಅಗಲವಾದ ಕಾಗದದ ತುಂಬ ಬರೀ ಅಂಕಿಗಳು. ಅವರು ಗ್ರಾಫ್ ಹಾಳೆ ನೆಲಕ್ಕೆ ಹಾಸಿ, ಅಂಕಿ ನೋಡಿ ನೋಡಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಸಂಜೆಯ ಹೊತ್ತಿಗೆ ಒಂದು ಊರು ಎದ್ದಿತು. ಒಂದು ಉದ್ದನೆಯ ಬೀದಿ, ಅದರ ಬೆನ್ನಿಗೆ ಗಲ್ಲಿಗಳು, ಒಂದು ಮೂಲೆಯಲ್ಲಿ ದಾರಿಗಳೆಲ್ಲ ಬಳಸಿ ಹೋಗುವ ಖಾಲಿ ಜಾಗ. ಕೆರೆ ಅದು, ಯಾರೂ ಹೇಳಬೇಕಿರಲಿಲ್ಲ. ಎಲ್ಲಿಯೂ ಇಲ್ಲದ ಊರು, ನಾನು ಹುಟ್ಟಿ ಬೆಳೆದ ಕಡೆಯ ಮುಖವನ್ನೇ ಹೊತ್ತುಕೊಂಡು ಬಂದಿತ್ತು. ಅವರು ಒಂದು ಮೂಲೆಗೆ ಚಿಕ್ಕ ಚೌಕ ಬರೆದು, "ಇದು ಟೀ ಅಂಗಡಿಯವನಿಗೆ" ಎಂದರು.

ಆ ಒಂದು ಸಂಜೆಯನ್ನು ನಾನು ಸಂತೋಷ ಎಂದು ಕರೆಯಬಲ್ಲೆ. ಆಮೇಲಿನ ಏಳು ತಿಂಗಳಿಗೆ ಬೇರೆ ಹೆಸರು.

ಬೆಂಗಳೂರಿನ ಅವರ ಗೈಡು, ವಯಸ್ಸಾದವರು, ಒಳ್ಳೆಯವರು, ಆ ಊರುಗಳಲ್ಲಿ ಒಂದು ದಾರಿ ಹುಡುಕುವ ಪ್ರೋಗ್ರಾಮು ಓಡಿಸಿ ನೋಡಿದರು. ದಾರಿಯೇ ಇಲ್ಲ ಎಂದು ಕಂಪ್ಯೂಟರ್ ಹೇಳಿತು. ಇನ್ನೊಂದು ಊರು ಮಾಡಿಸಿದರು. ಅದರಲ್ಲೂ ಇಲ್ಲ. ಗಾಡಿ ಹೊರಡುತ್ತದೆ, ಊರಿನ ನಡುವಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಹೊರಟ ಕಡೆಗೆ ವಾಪಸ್ಸು ಬರಲು ಆಗುವುದಿಲ್ಲ. "ಏನಯ್ಯಾ, ನಿನ್ನ ಊರಿಗೆ ಹೋದೋನು ಹೋದ ಹಾಗೇ ಅಲ್ವೇನಯ್ಯಾ" ಎಂದು ಗೈಡು ನಕ್ಕರಂತೆ. ನಮ್ಮವರು ಅದನ್ನು ಮನೆಗೆ ಬಂದು ಹೇಳಿ ತಾವೂ ನಕ್ಕರು.

ತಪ್ಪು ತಮ್ಮ ಪ್ರೋಗ್ರಾಮಿನಲ್ಲಿದೆ ಎಂದು ಅವರು ತೀರ್ಮಾನಿಸಿದರು. ನೋಟ್‌ಬುಕ್ಕಿನಲ್ಲಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಕಾರ್ಡಿನ ಕಟ್ಟು ಬಿಚ್ಚಿ ಒಂದೊಂದೇ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ನೋಡುವರು. ಒಂದು ಬದಲಿಸುವರು. ಶನಿವಾರ ರೈಲಿಗೆ ಹೋಗಿ ಕೊಡುವರು. ಮುಂದಿನ ಶನಿವಾರ ಉತ್ತರ ಬರುವುದು: ದಾರಿಯಿಲ್ಲ. ಮತ್ತೆ ಬಿಚ್ಚುವರು. ಬೆಂಗಳೂರು ಸ್ಟೇಷನ್ನಿನ ಮೆಟ್ಟಿಲುಗಳನ್ನು ಎರಡು ಕಡೆ ನಿಂತು ಹತ್ತುತ್ತೇನೆ ಎಂದವರು, ಆಮೇಲೆ ನಾಲ್ಕು ಕಡೆ ಎಂದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವುದನ್ನು ಕಲಿತರು. ನಾನು ಉಪ್ಪಿಲ್ಲದ ಸಾರು ಮಾಡುತ್ತಿದ್ದೆ, ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದೆ, ಆ ಮನೆಯಲ್ಲೇ ಇದ್ದೆ. ಏಳು ತಿಂಗಳು ಒಂದೇ ಮನೆಯಲ್ಲಿ ಅವರು ಆ ತಪ್ಪನ್ನು ಹುಡುಕಿದರು, ನಾನು ಅದನ್ನು ಇಟ್ಟುಕೊಂಡು ಓಡಾಡುತ್ತಿದ್ದೆ.

ಒಂದು ಸಂಜೆ ಬೇಸತ್ತು ಗ್ರಾಫ್ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡು, ಇದೇ ಜಾಗ. ಇಲ್ಲಿ ತನಕ ಬರುತ್ತೆ. ಇಲ್ಲಿಂದ ವಾಪಸ್ಸು ಹೋಗೋಕಾಗಲ್ಲ. ಯಾಕೋ ನನ್ನ ಊರುಗಳಲ್ಲಿ ಒಂಟಿ ಬಾಣ ಜಾಸ್ತಿ ಬರ್ತಿದೆ, ಅದೂ ನಡು ಊರಲ್ಲೇ."

ನಾನು ನೋಡಿದೆ. "ಹೋಗಬಹುದಲ್ರೀ, ಕಟ್ಟೆ ಆ ಬದಿಯಿಂದ."

"ಯಾವ ಕಟ್ಟೆ?"

"ಅರಳಿಕಟ್ಟೆ. ಹೋಗೋದು ಈ ಬದಿ, ಬರೋದು ಆ ಬದಿ."

ಅವರು ಎದ್ದು, ಗೂಡಿನಿಂದ ನನ್ನ ನೋಟ್‌ಬುಕ್ಕುಗಳನ್ನು ತಂದರು. ಮಾಲೂರಿನದರ ಮೊದಲ ಪುಟ ತೆಗೆದರು. ನಮ್ಮ ಬೀದಿ, ಬೀದಿಯ ಕೊನೆಯ ಕಟ್ಟೆ. ಒಂದು ತುಂಡು, ಒಂದು ಬಾಣ.

"ಆ ಬದಿ ಎಲ್ಲಿ?"

"ಬರೀಲಿಲ್ಲ" ಎಂದೆ. "ಎಲ್ಲರಿಗೂ ಗೊತ್ತಿರೋದಲ್ವಾ."

ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ನೀರು ಕೊಟ್ಟೆ. ಕುಡಿದು, ಕಣ್ಣು ಒರೆಸಿಕೊಂಡು, "ಕಂಪ್ಯೂಟರಿಗೆ ಗೊತ್ತಿಲ್ವಲ್ಲೇ. ಅದು ಪ್ರದಕ್ಷಿಣೆ ಬರಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, "ಲೇ, ಅಳ್ಬೇಡ. ನಾನೂ ಅದೇ ಸೈಕಲ್ ತುಳಿದೋನು. ನಾನೂ ಅದೇ ಬದೀಲಿ ತಾನೇ ಹೋಗಿದ್ದು?" ಎಂದರು.

ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೂತಲ್ಲೇ ಇನ್ನೊಂದು ಮೂತಿ ಹಾಕಿ ಮುಗಿಸಿಬಿಡೋಣ ಎಂದೆ. ಅವರು ಒಪ್ಪಲಿಲ್ಲ. ಕೆಲವು ಕಟ್ಟೆಗಳ ಆ ಬದಿಗೆ ಗೋಡೆ ಬಂದಿರುತ್ತದೆ, ಇಲ್ಲವೇ ಬಾವಿ, ಇಲ್ಲವೇ ಚರಂಡಿ. ಅಂಥ ಕಡೆ ಗಾಡಿ ಎಲ್ಲೋ ಸುತ್ತಿ ಬರುತ್ತದೆ. ಯಾವ ಕಟ್ಟೆಯಲ್ಲಿ ಏನಿದೆ ಎಂದು ನನಗೆ ಎಲ್ಲವೂ ನೆನಪಿರಲಿಲ್ಲ. "ಅಳೆಯದೆ ಬರೆಯೋದಾದ್ರೆ ಕಾಳು ಚೆಲ್ಲೋರಿಗೂ ನಮಗೂ ಏನು ವ್ಯತ್ಯಾಸ?" ಎಂದರು. ಅದು ಅವರ ಹಟ. ನಾನು ಜೋರು ಮಾಡಲಿಲ್ಲ. ತಪ್ಪು ನನ್ನದಾಗಿದ್ದರಿಂದ ಜೋರು ಮಾಡುವ ಬಾಯಿ ನನಗಿರಲಿಲ್ಲ.

ಮತ್ತೆ ಹೊರಟೆವು. ಈ ಸಲ ಸೈಕಲ್ ತುಳಿಯುವವರಿಲ್ಲ. ಬಸ್ಸಿಳಿದು, ಅವರು ಕಟ್ಟೆಯ ಜಗಲಿಯ ಮೇಲೆ ಕೂರುವರು. ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಆ ಬದಿಯಲ್ಲಿ ನಡೆಯುವೆ. ಟಕ್... ಟಕ್... ತುಳಿಯುವಾಗಿನ ಟಕ್ ಬೇರೆ, ತಳ್ಳುವಾಗಿನ ಟಕ್ ಬೇರೆ. ಕೋಲಾರದಲ್ಲಿ ಕಾಲೇಜು ಹುಡುಗಿಯರು ನಿಂತು ನೋಡಿದರು. ಶ್ರೀನಿವಾಸಪುರದಲ್ಲಿ ಈ ಸಲ ಅಮ್ಮ ಅಳಿಯನ ಪಾದ ನೋಡಿ, ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಳಬಾಗಿಲಿನಲ್ಲಿ ಟೀ ಅಂಗಡಿಯವನು ಗುರುತು ಹಿಡಿದ. "ಊರು ಮುಗೀತಾ ಸಾರ್?" ಎಂದ. "ಮುಗೀತಾ ಬಂತಪ್ಪ. ನಿನ್ನ ಅಂಗಡಿ ಮೂಲೇಲೇ ಇದೆ" ಎಂದರು. ಅವನು ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ಅವರು ಬೆಂಚಿನಿಂದ ಏಳುವಾಗ ಕೈ ಕೊಟ್ಟು ಎಬ್ಬಿಸಿದ. ನನ್ನ ಕಡೆ ಒಂದು ಸಲ ನೋಡಿದ.

ಮುಳಬಾಗಿಲಿನ ಜೊತೆಗೇ ಅಳೆದಿದ್ದ, ಪಕ್ಕದ ಕುರುಡುಮಲೆಯ ದಾರಿ ಕೊನೆಯದು. ಆ ಊರಿನಲ್ಲೂ ಒಂದು ಒಂಟಿ ಬಾಣ ಇತ್ತು. ಬಸ್ಸಿಳಿದು ಗಣಪತಿ ಗುಡಿಯವರೆಗೆ ಬರುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತು. ಗುಡಿಯ ಮುಂದಿನ ಕಲ್ಲಿನ ಮೇಲೆ ಕೂತರು. "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ" ಎಂದರು. ನಾನು ಹೋಗಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಅವರ ಪಕ್ಕದಲ್ಲಿ ಕೂತೆ. ಮುಂದಿನ ಬಸ್ಸು ಬರುವವರೆಗೂ ಇಬ್ಬರೂ ಕೂತೇ ಇದ್ದೆವು. ಅಷ್ಟು ದೊಡ್ಡ ಗಣಪತಿ ಒಳಗಿದ್ದಾನೆ, ಎದ್ದು ಹೋಗಿ ಕೈ ಮುಗಿಯೋಣ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಏನಾದರೂ ಕೇಳುವ ಸ್ಥಿತಿ ದಾಟಿ ಬಂದಿದ್ದೆವು. ಆ ಒಂದು ತುಂಡು ಅಳೆಯದೆ ಉಳಿಯಿತು.

ಅದಾದ ಮೇಲೆ ಹೊಸ ಕಾರ್ಡುಗಳು ತಯಾರಾದವು. ಕಂಪ್ಯೂಟರಿನಲ್ಲಿ ಅವರ ಪಾಲಿನ ಹೊತ್ತು ಹಳೆಯ ತಪ್ಪು ಹುಡುಕುವುದರಲ್ಲೇ ಖರ್ಚಾಗಿತ್ತು. ಮತ್ತೆ ಹೊತ್ತು ಸಿಗಲು ಅರ್ಜಿ ಕೊಟ್ಟು ಸರದಿ ಕಾಯಬೇಕಾಯಿತು. ಸರದಿ ಬಂದಿದೆ ಎಂದು ಗೈಡು ಅಂಚೆ ಕಾರ್ಡು ಬರೆದರು, ಬರುವ ಶನಿವಾರ ಬಾ ಎಂದು. ಶುಕ್ರವಾರವೇ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟರು. ಶನಿವಾರ ಬೆಳಿಗ್ಗೆ ನಾನು ಒಲೆಯ ಮೇಲೆ ನೀರಿಟ್ಟು ಬಂದು ಎಬ್ಬಿಸಿದರೆ, ಗೋಡೆಗೆ ಒರಗಿ ಕೂತ ಹಾಗೇ ಇದ್ದರು. ಕುತ್ತಿಗೆ ಮಾತ್ರ ಒಂದು ಕಡೆಗೆ ವಾಲಿತ್ತು. ಅವರು ಹೋಗಬೇಕಿದ್ದ ರೈಲು ಕೂಗಿ ಹೊರಟದ್ದು ಕೇಳಿಸಿತು. ನೀರು ಒಲೆಯ ಮೇಲೇ ಇತ್ತು.

ಮಧ್ಯಾಹ್ನ ಅವರ ಅಣ್ಣ ಬಂದರು. ಚಟ್ಟ ಕಟ್ಟಿದರು. ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ನನ್ನನ್ನು ಇಬ್ಬರು ಹಿಡಿದುಕೊಂಡು ಬೀದಿಯ ಬಾಗಿಲವರೆಗೆ ತಂದರು. ಅಲ್ಲಿಂದ ಕಟ್ಟೆ ಕಾಣುತ್ತದೆ. ಹೊತ್ತವರು ಕಟ್ಟೆಯ ಹತ್ತಿರ ಬಂದಾಗ, ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ ಅಣ್ಣ ಎಡಕ್ಕೆ ತಿರುಗಲಿಲ್ಲ, ಬಲಕ್ಕೆ ತಿರುಗಿದರು. ಕಟ್ಟೆಯನ್ನು ಎಡಕ್ಕೆ ಬಿಟ್ಟುಕೊಂಡು ಆ ಬದಿಯಿಂದ ಹೋದರು. ಹೆಣ ಹಾಗೇ ಹೋಗಬೇಕು, ಅಪ್ರದಕ್ಷಿಣೆಯಾಗಿ. ಚಿಕ್ಕವಳಿದ್ದಾಗಿನಿಂದ ಎಷ್ಟು ಸಲ ನೋಡಿದ್ದೆ. ಒಂದು ಸಲವೂ ನನ್ನ ನೋಟ್‌ಬುಕ್ಕಿಗೆ ಬಂದಿರಲಿಲ್ಲ. ದಿನಾ ಸಂಜೆ ಕಾಲೇಜಿನಿಂದ, ಶನಿವಾರ ಸ್ಟೇಷನ್ನಿನಿಂದ, ಅವರು ಮನೆಗೆ ಬರುತ್ತಿದ್ದುದು ಅದೇ ಬದಿಯಿಂದ. ಬರುವ ಬದಿ ಎಂದೇ ನಾವು ಅದನ್ನು ಎರಡನೆಯ ಸಲ ಅಳೆದಿದ್ದೆವು. ಆ ಬದಿಯಿಂದಲೇ ಅವರನ್ನು ತೆಗೆದುಕೊಂಡು ಹೋದರು.

ನಾನು ಅಳುತ್ತಿದ್ದೆ ಎಂದು ಆಮೇಲೆ ಎಲ್ಲರೂ ಹೇಳಿದರು. ಅಳುತ್ತಿದ್ದಿರಬಹುದು. ಆದರೆ ನಾನು ಎಣಿಸುತ್ತಿದ್ದೆ. ಹೊತ್ತವರ ಹೆಜ್ಜೆಗಳನ್ನು.

ಗೈಡು ಹನ್ನೊಂದನೆಯ ದಿನ ಕಳೆದ ಮೇಲೆ ಒಂದು ಸಲ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಕೆಲಸ ಬಹಳ ಒಳ್ಳೆಯದು, ಆದರೆ ಮುಗಿದಿಲ್ಲಮ್ಮ, ಮುಗಿಯದ್ದನ್ನು ಒಪ್ಪಿಸಲು ನಿಯಮವಿಲ್ಲ ಎಂದರು. ಬೇರೆ ಯಾರಾದರೂ ಮುಗಿಸಬಹುದೇ ಎಂದು ಕೇಳಿದೆ. ನೋಡೋಣ ಎಂದರು. ಯಾರೂ ಬರಲಿಲ್ಲ. ಒಂದೆರಡು ವರ್ಷ ಬಿಟ್ಟು ನಾನೇ ಚೀಲ ಹೊತ್ತುಕೊಂಡು ಬೆಂಗಳೂರಿಗೆ ಹೋದೆ. ಗೈಡು ರಿಟೈರ್ ಆಗಿದ್ದರು. ಅಲ್ಲಿದ್ದವರು ಕಾರ್ಡಿನ ಕಟ್ಟನ್ನು ತಿರುಗಿಸಿ ನೋಡಿ, "ಇದನ್ನ ಓದೋ ಮೆಷಿನ್ನೇ ಈಗಿಲ್ಲಮ್ಮ, ತೆಗೆದುಬಿಟ್ರು" ಎಂದರು. ಸ್ಟೇಷನ್ನಿನ ಅದೇ ಮೆಟ್ಟಿಲು ಹತ್ತಿ, ಎಲ್ಲಿ ಎಲ್ಲಿ ನಿಲ್ಲುತ್ತಿದ್ದರೋ ಎಂದು ನೋಡುತ್ತ, ಚೀಲವನ್ನು ವಾಪಸ್ಸು ತಂದೆ. ಮಾಡಿದ ಊರುಗಳಲ್ಲಿ ಒಂದರಲ್ಲೂ ಯಾರೂ ಗಾಡಿ ಓಡಿಸಲಿಲ್ಲ.

ನೋಟ್‌ಬುಕ್ಕು ನನ್ನ ಹತ್ತಿರ ಇದೆ. ಮೊದಲ ಪುಟದಲ್ಲಿ ನಮ್ಮ ಬೀದಿ. ಕಟ್ಟೆಯ ಈ ಬದಿಗೆ ಹೋಗುವ ಬಾಣ, ಆ ಬದಿಗೆ ಮನೆಯ ಕಡೆ ಬರುವ ಬಾಣ, ಎರಡೂ ಒಂದೊಂದೇ ಮೂತಿಯವು. ಆ ಬದಿಯ ಬಾಣಕ್ಕೆ ಇನ್ನೊಂದು ಮೂತಿ ಇದೆ ಎಂದು ಈಗ ನನಗೆ ಗೊತ್ತು. ಎಷ್ಟು ಹೆಜ್ಜೆ ಎಂಬುದೂ ಗೊತ್ತು. ಪೆನ್ಸಿಲ್ ಹಿಡಿದು ಕೂತದ್ದುಂಟು. ಬರೆದಿಲ್ಲ. ಬರೆದರೆ ತಿರುಗಿಸಿ ನೋಡುವವರು ಯಾರಿದ್ದಾರೆ ಎಂದುಕೊಂಡು ಮುಚ್ಚಿಡುತ್ತೇನೆ. ತರಕಾರಿಗೆ ಹೊರಟರೆ ಕಟ್ಟೆಯನ್ನು ಬಲಕ್ಕೆ ಬಿಟ್ಟುಕೊಂಡು ಹೋಗುತ್ತೇನೆ, ಆ ಬದಿಯಿಂದ ಮನೆಗೆ ಬರುತ್ತೇನೆ.